ಸೌತೆಕಾಯಿಗೂ ಹಾರ್ಮೋನೇ?

2024ರ ರಾಮನವಮಿಯ ಸಂಜೆ. ನಮ್ಮ ಮಹಿಳಾ ವಿಭಾಗದ ಭಜನೆ ಮುಗಿದು ಪಾನಕ, ಕೋಸಂಬರಿ ಹಂಚುವ ಹೊತ್ತು. ಕೋಸಂಬರಿಯ ಜವಾಬ್ದಾರಿ ಎಂದಿನಂತೆ ನನ್ನದು. ಪಾರ್ಲೆ ಸ್ಟೇಷನ್ನಿನ ಪೂರ್ವಕ್ಕಿರುವ ಮಾರುಕಟ್ಟೆಯಿಂದ ನಾಲ್ಕು ಕಿಲೋ ಸೌತೆಕಾಯಿ ಆರಿಸಿ ತಂದು, ಹೆಸರುಬೇಳೆ ನೆನೆಸಿ, ತೆಂಗಿನಕಾಯಿ ತುರಿದು, ಇಂಗು ಸಾಸಿವೆಯ ಒಗ್ಗರಣೆ ಕೊಟ್ಟು ದೊಡ್ಡ ಪಾತ್ರೆಯಲ್ಲಿ ಒಯ್ದಿದ್ದೆ. ಅವಸರದಲ್ಲಿ ಪ್ರತಿಯೊಂದು ಕಾಯಿಯ ತುದಿ ಕೊಯ್ದು ರುಚಿ ನೋಡಲಿಲ್ಲ. ಅಲ್ಲೇ ಎಡವಿದೆ. ಯಾವುದೋ ಒಂದು ಕಾಯಿ ಕಹಿಯಿತ್ತು. ಒಂದು ಕಾಯಿಯ ಕಹಿ ಇಡೀ ಪಾತ್ರೆಗೆ ಹರಡಲು ಎಷ್ಟು ಹೊತ್ತು ಬೇಕು?

ಮೊದಲ ಚಮಚೆ ಬಾಯಿಗಿಟ್ಟವರೊಬ್ಬರು ಮುಖ ಹಿಂಡಿದರು. "ಈಗಿನ ಸೌತೆಕಾಯಿಗೆಲ್ಲ ಹಾರ್ಮೋನ್ ಇಂಜೆಕ್ಷನ್ ಕೊಡುತ್ತಾರಂತೆ ಅಕ್ಕ. ರಾತ್ರಿ ಚುಚ್ಚಿದರೆ ಬೆಳಗಾಗುವಾಗ ಮೊಳದುದ್ದವಂತೆ" ಎಂದರು. ಮತ್ತೊಬ್ಬರು, "ಹೌದು, ಹೆಣ್ಣುಮಕ್ಕಳು ಬೇಗ ದೊಡ್ಡವರಾಗುವುದು ಇದರಿಂದಲೇ ಅಂತೆ" ಎನ್ನುತ್ತ ಮಗಳ ಕೈಯಿಂದ ದೊನ್ನೆ ತೆಗೆದು ಕೆಳಗಿಟ್ಟರು. "ಅಂತೆ"ಗಳ ಸಂತೆ ಬೆಳೆಯುತ್ತ ಹೋಯಿತು. ಪಾನಕ ಖಾಲಿಯಾಯಿತು, ಕೋಸಂಬರಿ ಮುಕ್ಕಾಲು ಪಾತ್ರೆ ಉಳಿಯಿತು. ಅದನ್ನು ಹೊತ್ತು ಮನೆಗೆ ಮರಳುವಾಗ ನನಗಾದ ಬೇಸರವನ್ನು ಅಡಿಗೆ ಮಾಡುವ ಓದುಗ ಸೋದರಿಯರಿಗೆ ವಿವರಿಸಬೇಕಾಗಿಲ್ಲ.

ನಾನು ವಿಜ್ಞಾನ ಓದಿದವಳಲ್ಲ. 1988ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮುಗಿಸಿ, ಎರಡು ವರ್ಷದ ಬಳಿಕ ಮದುವೆಯಾಗಿ ಉಡುಪಿಯ ಕಡೆಯಿಂದ ಈ ವಿಲೆ ಪಾರ್ಲೆಗೆ ಬಂದವಳು. ಆದರೂ ಸುಮ್ಮನಿರಲು ಮನಸ್ಸು ಬರಲಿಲ್ಲ. ಸೌತೆಕಾಯಿಯಲ್ಲಿ ಹಾರ್ಮೋನ್ ಇರುವುದು ನಿಜವೇ? ಇದ್ದರೆ ಅದು ಎಲ್ಲಿಂದ ಬಂತು, ಅದಕ್ಕೆ ಅಲ್ಲೇನು ಕೆಲಸ? ಕೈಗೆ ಸಿಕ್ಕಿದ್ದನ್ನು ಓದಿದೆ. ಕೃಷಿ ಪದವೀಧರನಾಗಿ ತುಮಕೂರಿನ ಕಡೆ ರೈತರೊಡನೆ ಕೆಲಸ ಮಾಡುವ ನನ್ನ ಅಕ್ಕನ ಮಗನನ್ನು ಫೋನಿನಲ್ಲಿ ಕಾಡಿದೆ. ಅದೂ ಸಾಲದೆ, ಜೂನ್ ತಿಂಗಳಲ್ಲಿ ಊರಿನಿಂದ ತರಿಸಿದ ಮುಳ್ಳುಸೌತೆಯ ಬೀಜವನ್ನು ನಮ್ಮ ಮೂರನೆಯ ಮಹಡಿಯ ಬಾಲ್ಕನಿಯ ಕುಂಡದಲ್ಲಿ ಹಾಕಿದೆ. ಆ ಒಂದು ಬಳ್ಳಿ ನನಗೆ ಕಲಿಸಿದ್ದನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಗೊಡ್ಡು ಬಳ್ಳಿ

ಮೊದಲು ನಮ್ಮ ತರಕಾರಿಯ ಕುಲಗೋತ್ರ ತಿಳಿಯೋಣ. ಸೌತೆ ನಮ್ಮ ದೇಶದ್ದೇ ಬಳ್ಳಿ. ಅದರ ಕಾಡುಜಾತಿಯ ಬಂಧು ಇಂದಿಗೂ ಹಿಮಾಲಯದ ತಪ್ಪಲಿನಲ್ಲಿ ಬೆಳೆಯುತ್ತದೆ. ಸುಮಾರು ಮೂರು ಸಾವಿರ ವರ್ಷಗಳಿಂದ ನಮ್ಮವರು ಇದನ್ನು ಬೆಳೆಯುತ್ತಿದ್ದಾರೆ. ಕೋಸಂಬರಿಯ ಸೌತೆ, ಮುಂಬಯಿಯವರ ಕಾಕಡಿ, ನಮ್ಮ ಕರಾವಳಿಯ ಮುಳ್ಳುಸೌತೆ, ತುಳುವಿನ ತೆಕ್ಕರೆ ಎಲ್ಲವೂ ಒಂದೇ ಜಾತಿ. ಹುಳಿಗೆ ಹಾಕುವ, ಮಾಡಿಗೆ ಕಟ್ಟಿ ತಿಂಗಳುಗಟ್ಟಲೆ ಇಡುವ ಮಂಗಳೂರು ಸೌತೆ ಮಾತ್ರ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಖರ್ಬೂಜದ ದಾಯಾದಿ.

ನನ್ನ ಬಳ್ಳಿ ಬಾಲ್ಕನಿಯ ಸರಳು ಹಿಡಿದು ಹುರುಪಿನಿಂದ ಹಬ್ಬಿತು. ಜುಲೈ ನಡುವಿನಲ್ಲಿ ಹಳದಿ ಹೂ ಬಿಟ್ಟಿತು. ದಿನಕ್ಕೆ ಐದಾರು ಹೂ ಅರಳುವುದು, ಸಂಜೆಗೆ ಬಾಡುವುದು, ಮರುದಿನ ಉದುರುವುದು. ಹತ್ತು ದಿನವಾದರೂ ಒಂದು ಹೀಚೂ ಕಾಣಲಿಲ್ಲ. ಎಂಬತ್ತನಾಲ್ಕು ದಾಟಿದ ನಮ್ಮ ಅತ್ತೆಯವರು ದಿನವೂ ಕುರ್ಚಿಯಲ್ಲಿ ಕುಳಿತು ಅದನ್ನೇ ನೋಡುತ್ತಿದ್ದರು. ಒಂದು ಬೆಳಿಗ್ಗೆ ಅವರೆಂದರು: "ಇದು ಗೊಡ್ಡು ಬಳ್ಳಿ ಮಾರಾಯ್ತಿ. ಕಿತ್ತು ಬಿಸಾಡು. ಕುಂಡದಲ್ಲಿ ಬಸಳೆಯಾದರೂ ಆದೀತು."

ಬಳ್ಳಿಗೆ ಹೇಳಿದ ಮಾತು, ನನಗಲ್ಲ. ಆದರೂ ಆ ಶಬ್ದ ಕೇಳಿ ಕೈಯಲ್ಲಿದ್ದ ನೀರಿನ ತಂಬಿಗೆ ಒಂದು ಕ್ಷಣ ನಿಂತಿತು. ಕಾರಣವನ್ನು ಮುಂದೆ ಹೇಳುತ್ತೇನೆ.

ಅಕ್ಕನ ಮಗನಿಗೆ ಫೋನ್ ಮಾಡಿದಾಗ ಅವನು ನಕ್ಕ. "ಚಿಕ್ಕಮ್ಮ, ಹೂವಿನ ಹಿಂಭಾಗ ನೋಡಿದಿರಾ? ತೆಳುವಾದ ಬರೀ ತೊಟ್ಟು ಇದ್ದರೆ ಗಂಡುಹೂ. ಬೆರಳ ತುದಿಯಷ್ಟು ಪುಟ್ಟ ಸೌತೆಕಾಯಿಯೇ ಅಂಟಿಕೊಂಡಿದ್ದರೆ ಹೆಣ್ಣುಹೂ. ಸೌತೆಯಲ್ಲಿ ಮೊದಲು ಬರುವುದು ಗಂಡುಹೂಗಳೇ, ಅದೂ ಗೊಂಚಲು ಗೊಂಚಲಾಗಿ. ಹೆಣ್ಣು ಆಮೇಲೆ ಬರುತ್ತದೆ. ನಿಮ್ಮ ಬಳ್ಳಿ ಗೊಡ್ಡಲ್ಲ, ನಿಮಗೆ ಅವಸರ ಅಷ್ಟೆ" ಎಂದ.

ಒಂದೇ ಬಳ್ಳಿಯಲ್ಲಿ ಕೆಲವು ಮೊಗ್ಗು ಗಂಡಾಗುವುದೂ ಕೆಲವು ಹೆಣ್ಣಾಗುವುದೂ ಹೇಗೆ? ಸೌತೆಯ ಪ್ರತಿಯೊಂದು ಎಳೆ ಮೊಗ್ಗಿನಲ್ಲೂ ಆರಂಭದಲ್ಲಿ ಗಂಡಿನ ಅಂಗ, ಹೆಣ್ಣಿನ ಅಂಗ ಎರಡರ ಮೊಳಕೆಯೂ ಇರುತ್ತದಂತೆ. ಮುಂದೆ ಒಂದು ಬೆಳೆದು ಇನ್ನೊಂದು ಅಲ್ಲಿಗೇ ನಿಲ್ಲುತ್ತದೆ. ಯಾವುದು ಬೆಳೆಯಬೇಕು, ಯಾವುದು ನಿಲ್ಲಬೇಕು ಎಂಬುದರಲ್ಲಿ ದೊಡ್ಡ ಪಾತ್ರ ಹಾರ್ಮೋನುಗಳದ್ದು.

ಹಾರ್ಮೋನ್ ಎಂದರೆ

ಈ ಶಬ್ದವನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್, 1905ರಲ್ಲಿ. 'ಪ್ರಚೋದಿಸು' ಎಂಬರ್ಥದ ಗ್ರೀಕ್ ಮೂಲದಿಂದ ಬಂದ ಪದ. ದೇಹದ ಒಂದು ಕಡೆ ಹುಟ್ಟಿ, ಅತ್ಯಲ್ಪ ಪ್ರಮಾಣದಲ್ಲೇ ಇನ್ನೊಂದು ಕಡೆ ಕೆಲಸ ಮಾಡಿಸುವ ಓಲೆಕಾರ ಎನ್ನಬಹುದು. ಪ್ರಾಣಿಗಳಲ್ಲಿರುವಂತೆ ಸಸ್ಯಗಳಲ್ಲೂ ಇಂಥ ಓಲೆಕಾರರಿದ್ದಾರೆ. ಆದರೆ ಮುಖ್ಯವಾದ ಮಾತೊಂದಿದೆ. ಹೆಸರು ಒಂದೇ ಆದರೂ ಅವರು ಬೇರೆ, ಇವರು ಬೇರೆ. ಸಸ್ಯದ ಓಲೆಯ ಲಿಪಿಯನ್ನು ಓದುವುದು ಸಸ್ಯ. ನಮ್ಮ ದೇಹದ ಓಲೆಯನ್ನು ಓದುವುದು ನಮ್ಮ ದೇಹ.

ಸೌತೆಯ ಸಂಸಾರದಲ್ಲಿ ಮುಖ್ಯವಾಗಿ ಐವರು ಓಲೆಕಾರರು. ಒಬ್ಬೊಬ್ಬರನ್ನೂ ಪರಿಚಯ ಮಾಡಿಕೊಳ್ಳೋಣ.

ಮೊದಲನೆಯದು ಎಥಿಲೀನ್. ಇದು ಒಂದು ಅನಿಲ. ನಮ್ಮ ಊರಿನಲ್ಲಿ ಬಾಳೆಗೊನೆಯನ್ನು ಗುಂಡಿಯಲ್ಲಿಟ್ಟು ಹೊಗೆ ಹಾಕಿ ಹಣ್ಣು ಮಾಡುತ್ತಿದ್ದುದು ನೆನಪಿದೆಯಲ್ಲ? ಆ ಹೊಗೆಯಲ್ಲಿ ಎಥಿಲೀನ್ ಇರುತ್ತದೆ. ಹಿರಿಯರಿಗೆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಬೀದಿದೀಪದ ಅನಿಲ ಸೋರಿದ ಕಡೆ ಮರಗಳು ಎಲೆ ಉದುರಿಸುತ್ತಿದ್ದ ಕಾಲದಲ್ಲಿ, 1901ರಲ್ಲಿ, ರಷ್ಯದ ನೆಲ್ಯುಬೋವ್ ಎಂಬವರು ಆ ಅನಿಲದಲ್ಲಿ ಗಿಡಗಳ ಮೇಲೆ ಪರಿಣಾಮ ಬೀರುವುದು ಎಥಿಲೀನ್ ಎಂದು ಬಟಾಣಿ ಸಸಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಹಣ್ಣುಗಳು ತಾವೇ ಈ ಅನಿಲವನ್ನು ಹುಟ್ಟಿಸುತ್ತವೆ ಎಂಬುದನ್ನು 1934ರಲ್ಲಿ ಗೇನ್ ಎಂಬವರು ಸೇಬಿನ ಮೂಲಕ ಸಿದ್ಧಪಡಿಸಿದರು.

ಸೌತೆಯಲ್ಲಿ ಎಥಿಲೀನ್ ಮಾಡುವ ಕೆಲಸ ಸ್ವಾರಸ್ಯಕರವಾದುದು. ಎಳೆ ಮೊಗ್ಗಿನಲ್ಲಿ ಇದು ಸಾಕಷ್ಟು ಹುಟ್ಟಿದರೆ ಗಂಡಿನ ಅಂಗ ಬೆಳೆಯದೆ ನಿಂತು ಅದು ಹೆಣ್ಣುಹೂವಾಗುತ್ತದೆ. ಇದನ್ನು ಉಪಯೋಗಿಸಿಕೊಳ್ಳುವ ಉಪಾಯವನ್ನು ವಿಜ್ಞಾನಿಗಳು 1968ರಲ್ಲಿ ಪ್ರಕಟಿಸಿದರು. ಗಿಡದೊಳಗೆ ಹೋಗಿ ಎಥಿಲೀನ್ ಬಿಡುವ ಎಥೆಫಾನ್ ಎಂಬ ದ್ರವವನ್ನು ಎಳೆ ಸಸಿಗೆ ಸಿಂಪಡಿಸಿದಾಗ ಹೆಣ್ಣುಹೂಗಳು ಬೇಗ ಬಂದವು, ಹೆಚ್ಚೂ ಬಂದವು. ನಮ್ಮ ರೈತರಿಗೆ ಎಥ್ರೆಲ್ ಎಂಬ ಹೆಸರಿನಲ್ಲಿ ಪರಿಚಿತವಾಗಿರುವುದು ಇದೇ. ಸಸಿಗೆ ಎರಡರಿಂದ ನಾಲ್ಕು ಎಲೆ ಬಂದಾಗ, ಲೀಟರ್ ನೀರಿಗೆ 100ರಿಂದ 250 ಮಿಲಿಗ್ರಾಂನಷ್ಟು ಬೆರೆಸಿ ಸಿಂಪಡಿಸುವುದು ವಾಡಿಕೆ. ಗಮನಿಸಿ, ಆಗ ಬಳ್ಳಿಯಲ್ಲಿ ಕಾಯಿಯಿರಲಿ, ಹೂವೇ ಇರುವುದಿಲ್ಲ.

ಎರಡನೆಯದು ಜಿಬ್ಬರೆಲಿನ್. ಇದರ ಕಥೆ ಭತ್ತದ ಗದ್ದೆಯಿಂದ ಆರಂಭವಾಗುತ್ತದೆ. ಜಪಾನಿನ ರೈತರು ಅತಿಯಾಗಿ ಉದ್ದ ಬೆಳೆದು ತೆನೆಯಿಲ್ಲದೆ ಬೀಳುವ ಪೈರಿಗೆ 'ಪೆದ್ದು ಸಸಿ' ಎಂಬರ್ಥದ ಹೆಸರಿಟ್ಟಿದ್ದರು. ಒಂದು ಶಿಲೀಂಧ್ರ ಸ್ರವಿಸುವ ವಸ್ತು ಇದಕ್ಕೆ ಕಾರಣವೆಂದು 1926ರಲ್ಲಿ ಕುರೊಸಾವ ಎಂಬವರು ತೋರಿಸಿದರು. ಅದೇ ಮುಂದೆ ಜಿಬ್ಬರೆಲಿನ್ ಎನಿಸಿತು. ಸೌತೆಯಲ್ಲಿ ಇದು ಎಥಿಲೀನಿಗೆ ಎದುರಾಳಿ. ಹೆಚ್ಚಾದರೆ ಗಂಡುಹೂಗಳು ಹೆಚ್ಚುತ್ತವೆ. ಬಿಸಿಲಿನ ತಾಪವೂ ದೀರ್ಘವಾದ ಹಗಲೂ ಗಂಡುಹೂವಿಗೆ ಒಲವು ತೋರಿದರೆ, ತಂಪೂ ಗಿಡ್ಡ ಹಗಲೂ ಹೆಣ್ಣುಹೂವಿಗೆ ಅನುಕೂಲ. ಜೂನ್–ಜುಲೈಯ ಉದ್ದ ಹಗಲಿನಲ್ಲಿ ಹೂ ಬಿಟ್ಟ ನನ್ನ ಬಳ್ಳಿ ತನ್ನ ಸ್ವಭಾವದಂತೆಯೇ ನಡೆದುಕೊಂಡಿತ್ತು.

ಈ ವೈರದಿಂದಲೇ ಬೀಜ ತಯಾರಿಸುವವರಿಗೆ ಒಂದು ವರವೂ ದೊರಕಿತು. ಹೆಣ್ಣುಹೂಗಳನ್ನು ಮಾತ್ರ ಬಿಡುವ ಸೌತೆಯ ತಳಿಗಳಿವೆ. ಇಳುವರಿಗೆ ಅವು ಉತ್ತಮ. ಆದರೆ ಗಂಡೇ ಇಲ್ಲದಿದ್ದರೆ ಆ ತಳಿಯ ಬೀಜ ಉಳಿಸುವುದು ಹೇಗೆ? ಜಿಬ್ಬರೆಲಿನ್ ಕೊಟ್ಟರೆ ಅಂಥ ಬಳ್ಳಿಯಲ್ಲೂ ಗಂಡುಹೂ ಬರುತ್ತದೆಂದು ಅಮೆರಿಕದ ಮಿಷಿಗನ್‌ನಲ್ಲಿ ಪೀಟರ್ಸನ್ ಮತ್ತು ಅವರ ಸಂಗಡಿಗರು 1960ರಲ್ಲಿ ಪ್ರಕಟಿಸಿದರು. ಎಥಿಲೀನಿನ ಕೆಲಸವನ್ನು ತಡೆಯುವ ಸಿಲ್ವರ್ ನೈಟ್ರೇಟ್ ಸಿಂಪಡಿಸಿದರೂ ಹಾಗೆಯೇ ಆಗುತ್ತದೆ. ನಮ್ಮ ದೇಶದ ಕೃಷಿ ಸಂಶೋಧನಾ ಸಂಸ್ಥೆ ಹೊರತಂದ 'ಪೂಸಾ ಸಂಯೋಗ್' ಎಂಬ ಸಂಕರ ತಳಿಯ ತಾಯಿ ಇಂಥದೇ ಒಂದು ಜಪಾನೀ ಹೆಣ್ಣುತಳಿ.

ಹೂವಿನಿಂದ ಕಾಯಿಗೆ

ಜುಲೈ ಕೊನೆಯ ವಾರ ನನ್ನ ಬಳ್ಳಿಯಲ್ಲಿ ಮೊದಲ ಹೆಣ್ಣುಹೂ ಕಾಣಿಸಿತು. ಬೆನ್ನಿಗೆ ಮೃದುವಾದ ಮುಳ್ಳುಗಳಿದ್ದ ಪುಟ್ಟ ಮಿಡಿ. ಮನೆಮಂದಿಗೆಲ್ಲ ಕರೆದು ತೋರಿಸಿದೆ. ನಾಲ್ಕು ದಿನದಲ್ಲಿ ಅದು ಹಳದಿಯಾಗಿ, ಮುರುಟಿ, ಉದುರಿತು. ಎರಡನೆಯದೂ ಹಾಗೆಯೇ. ಅತ್ತೆಯವರು ಏನೂ ಹೇಳಲಿಲ್ಲ. ಹೇಳದಿದ್ದುದೂ ಕೇಳಿಸಿತು.

ಕಾರಣ ಸರಳವಾಗಿತ್ತು. ಹೆಣ್ಣುಹೂ ಅರಳಿರುವುದು ಒಂದೇ ದಿನ. ಆ ದಿನ ಜೇನುನೊಣ ಗಂಡುಹೂವಿನ ಪರಾಗ ಹೊತ್ತು ಒಂದೆರಡು ಬಾರಿ ಅಲ್ಲ, ಹಲವಾರು ಬಾರಿ ಬಂದು ಹೋಗಬೇಕು. ಮುಂಬಯಿಯ ಜಡಿಮಳೆಯಲ್ಲಿ, ಹೈವೇಯ ಗದ್ದಲದ ನಡುವೆ, ಮೂರನೆಯ ಮಹಡಿಗೆ ಜೇನು ಎಲ್ಲಿಂದ ಬರಬೇಕು?

ಪರಾಗ ಬಂದರೆ ಏನಾಗುತ್ತದೆ ಎಂಬಲ್ಲಿ ಉಳಿದ ಓಲೆಕಾರರ ಪ್ರವೇಶವಾಗುತ್ತದೆ. ಮೂರನೆಯವನು ಆಕ್ಸಿನ್. 'ಬೆಳೆ' ಎಂಬ ಗ್ರೀಕ್ ಧಾತುವಿನಿಂದ ಬಂದ ಹೆಸರು. ಹಾಲೆಂಡಿನ ಫ್ರಿಟ್ಸ್ ವೆಂಟ್ ಓಟ್ಸ್ ಸಸಿಯ ತುದಿ ಕತ್ತರಿಸಿ ಅಗರ್ ತುಂಡಿನ ಮೇಲಿಟ್ಟು, ಆ ತುಂಡಿಗೆ ಇಳಿದ ವಸ್ತುವಿನಿಂದಲೇ ಸಸಿ ಬೆಳೆಯುವುದೆಂದು 1920ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟರು. ಪರಾಗ ಬಿದ್ದು ಬೀಜ ಕಟ್ಟಲು ತೊಡಗಿದೊಡನೆ ಮಿಡಿಯಲ್ಲಿ ಆಕ್ಸಿನ್ ಮತ್ತು ಜಿಬ್ಬರೆಲಿನ್ ಏರುತ್ತವೆ. "ಕಾಯಿ ನಿಂತಿತು, ಇನ್ನು ಇದಕ್ಕೆ ಆಹಾರ ಕಳಿಸಿ" ಎಂದು ಬಳ್ಳಿಗೆ ಹೋಗುವ ಸಂದೇಶ ಇದೇ. ಸಂದೇಶ ಬಾರದಿದ್ದರೆ ಬಳ್ಳಿ ಆ ಮಿಡಿಯನ್ನು ಸಾಕುವುದಿಲ್ಲ, ಕೈಬಿಡುತ್ತದೆ. ನನ್ನ ಎರಡು ಮಿಡಿಗಳಿಗೆ ಆದದ್ದು ಅದೇ.

ಪರಾಗ ಅರೆಬರೆ ಬಿದ್ದರೆ ಕಾಯಿ ಸೊಟ್ಟಗಾಗುತ್ತದೆ. ಬೀಜ ಕಟ್ಟಿದ ಕಡೆ ಉಬ್ಬಿ, ಕಟ್ಟದ ಕಡೆ ಸೊರಗುತ್ತದೆ. ಮಾರುಕಟ್ಟೆಯಲ್ಲಿ ಒಂದು ತುದಿ ದಪ್ಪ, ಒಂದು ತುದಿ ಸಣಕಲಾದ ಸೌತೆಕಾಯಿ ಕಂಡರೆ ಅನೇಕ ಸಲ ಅದು ಜೇನಿನ ಕೊರತೆಯ ಕಥೆ, ಇಂಜೆಕ್ಷನ್ನಿನದ್ದಲ್ಲ.

ನಾಲ್ಕನೆಯದು ಸೈಟೋಕೈನಿನ್. ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುವಂತೆ ಮಾಡುವುದು ಇದರ ಕೆಲಸ. ಇದರ ಸುಳಿವು ಸಿಕ್ಕಿದ್ದು ನಮ್ಮ ತೆಂಗಿನಕಾಯಿಯ ನೀರಿನಲ್ಲಿ ಎಂದರೆ ಕರಾವಳಿಯವರಿಗೆ ಹೆಮ್ಮೆಯೆನಿಸೀತು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಎಳೆಯ ಭ್ರೂಣಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ತೆಂಗಿನಕಾಯಿಯ ನೀರು ಬಳಸಿ ಯಶಸ್ವಿಯಾದರು. ಅದರಲ್ಲೇನೋ ಇದೆ ಎಂಬ ಹುಡುಕಾಟ ಸಾಗಿ, 1955ರಲ್ಲಿ ಈ ಗುಂಪಿನ ಮೊದಲ ವಸ್ತು ಕೈನೆಟಿನ್ ಪತ್ತೆಯಾಯಿತು. ಸೌತೆಯ ಮಿಡಿಯಲ್ಲಿ ಮೊದಲ ನಾಲ್ಕೈದು ದಿನ ಕೋಶಗಳು ಒಡೆದು ಒಡೆದು ಸಂಖ್ಯೆ ಹೆಚ್ಚುತ್ತದೆ. ಆಮೇಲೆ ಪ್ರತಿಯೊಂದು ಕೋಶವೂ ನೀರು ತುಂಬಿಕೊಂಡು ಹಿಗ್ಗುತ್ತದೆ. ಸೌತೆಕಾಯಿಯಲ್ಲಿ ನೂರಕ್ಕೆ ತೊಂಬತ್ತೈದರಷ್ಟು ನೀರೇ. ಹೀಗಾಗಿ ಹೂ ಅರಳಿದ ಎಂಟು ಹತ್ತು ದಿನದಲ್ಲಿ ಕಾಯಿ ಕೊಯ್ಲಿಗೆ ಬರುತ್ತದೆ. "ರಾತ್ರಿ ಬೆಳಗಾಗುವಾಗ ಬೆಳೆಯಿತು" ಎಂಬ ಮಾತಿನಲ್ಲಿ ಸುಳ್ಳಿಲ್ಲ. ಎಳೆಯ ಸೌತೆಕಾಯಿ ಒಂದು ದಿನದಲ್ಲಿ ಇಮ್ಮಡಿಯಾಗುವುದೂ ಉಂಟು, ಯಾರೂ ಚುಚ್ಚದೆಯೇ!

ಐದನೆಯದು ಅಬ್ಸಿಸಿಕ್ ಆಮ್ಲ. ಇದು ಮನೆಯ ಹಿರಿಯರಂತೆ. ನೀರು ಕಡಿಮೆಯಾದಾಗ ಎಲೆಗಳ ರಂಧ್ರ ಮುಚ್ಚಿಸಿ "ಜೋಪಾನ, ಖರ್ಚು ಮಾಡಬೇಡಿ" ಎನ್ನುವುದು, ಬೆಳವಣಿಗೆಗೆ ಲಗಾಮು ಹಾಕುವುದು ಇದರ ಕೆಲಸ.

ಇನ್ನೊಂದು ವಿಸ್ಮಯವಿದೆ. ಆಕ್ಸಿನ್ ಸಂದೇಶ ಸಿಕ್ಕರೆ ಸಾಕಲ್ಲ, ಪರಾಗವೇ ಬೇಕೆ? ಬೇಡ ಎಂದು 1936ರಲ್ಲಿ ಮಿಷಿಗನ್ನಿನ ಗುಸ್ಟಾಫ್ಸನ್ ತೋರಿಸಿದರು. ಟೊಮ್ಯಾಟೊ ಮೊದಲಾದ ಗಿಡಗಳ ಹೂವಿಗೆ ಆಕ್ಸಿನ್‌ನಂಥ ವಸ್ತು ಲೇಪಿಸಿ, ಪರಾಗವಿಲ್ಲದೆ, ಬೀಜವಿಲ್ಲದೆ ಕಾಯಿ ಬರಿಸಿದರು. ಸೌತೆಯಲ್ಲಂತೂ ಹೊರಗಿನಿಂದ ಏನೂ ಕೊಡದೆ ತಾನಾಗಿಯೇ ಬೀಜವಿಲ್ಲದ ಕಾಯಿ ಕಟ್ಟುವ ತಳಿಗಳಿವೆ. ಅವುಗಳ ಮಿಡಿಯಲ್ಲಿ ಪರಾಗ ಬೀಳದೆಯೇ ಹಾರ್ಮೋನುಗಳು ಏರುತ್ತವೆ. ಇಂದು ಮಾಲುಗಳಲ್ಲಿ ಪ್ಲಾಸ್ಟಿಕ್ ಸುತ್ತಿ ಮಾರುವ ನುಣುಪಾದ, ಬೀಜವಿಲ್ಲದ ಸೌತೆಕಾಯಿ ಇಂಥದು. ಜೇನು ಬಾರದ ಪಾಲಿಹೌಸಿನಲ್ಲಿ ಬೆಳೆಯಲು ಹೇಳಿಸಿದ್ದು. ನಮ್ಮವರದೇ ಆದ 'ಪೂಸಾ ಸೀಡ್‌ಲೆಸ್ ಕುಕುಂಬರ್-6' ಈ ಬಗೆಯದು.

ತುಮಕೂರಿನಿಂದ ಜಗತ್ತಿನ ಮೇಜಿಗೆ

ಇಷ್ಟೆಲ್ಲ ಕೇಳಿದ ಮೇಲೆ ನನ್ನ ಅಕ್ಕನ ಮಗ ಅಂದ: "ಚಿಕ್ಕಮ್ಮ, ನಿಮ್ಮದು ಒಂದು ಬಳ್ಳಿ. ಇಲ್ಲಿ ಇದನ್ನೇ ನಂಬಿ ಬದುಕುವ ಸಂಸಾರಗಳಿವೆ." ಅವನು ಹೇಳಿದ್ದು ಗೆರ್ಕಿನ್, ಅಂದರೆ ಮಿಡಿ ಸೌತೆಯ ಬಗ್ಗೆ. ಇದೂ ಸೌತೆಯ ಜಾತಿಯೇ. ಬೆರಳಿನಷ್ಟಿರುವಾಗಲೇ ಕೊಯ್ದು ವಿನಿಗರ್ ಅಥವಾ ಉಪ್ಪುನೀರಿನಲ್ಲಿ ಹಾಕಿ ಹೊರದೇಶಗಳಿಗೆ ಕಳಿಸುತ್ತಾರೆ. 1990ರ ದಶಕದ ಆರಂಭದಲ್ಲಿ ನಮ್ಮ ಕರ್ನಾಟಕದಲ್ಲಿ ಸಣ್ಣದಾಗಿ ಮೊದಲಾದ ಈ ಬೆಳೆ ಬಳಿಕ ತಮಿಳುನಾಡು, ಆಂಧ್ರ, ತೆಲಂಗಾಣಗಳಿಗೆ ಹಬ್ಬಿತು. 2022ರ ಆರಂಭದಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಮಾಹಿತಿಯಂತೆ ಗೆರ್ಕಿನ್ ರಫ್ತಿನಲ್ಲಿ ಭಾರತ ಜಗತ್ತಿಗೇ ಮೊದಲು. 2020–21ರಲ್ಲಿ ಎರಡು ಲಕ್ಷ ಟನ್ನಿಗೂ ಮಿಕ್ಕಿ ರಫ್ತಾಗಿತ್ತು. ಸುಮಾರು 90,000 ಸಣ್ಣ ರೈತರು 65,000 ಎಕರೆಗಳಲ್ಲಿ ಇದನ್ನು ಗುತ್ತಿಗೆ ಕರಾರಿನ ಮೇಲೆ ಬೆಳೆಯುತ್ತಿದ್ದರು.

ಈ ಬೆಳೆಯಲ್ಲಿ ಕಾಯಿ ಸಣ್ಣದಾದಷ್ಟೂ ಬೆಲೆ ಜಾಸ್ತಿ. ಇಲ್ಲಿ ಕಾಯಿ ದಪ್ಪವಾಗುವುದೇ ನಷ್ಟ. ಒಂದು ದಿನ ಕೊಯ್ಲು ತಪ್ಪಿದರೆ ಬೆರಳು ಮೊಳಕೈಯಾಗಲು ಹೊರಡುತ್ತದೆ, ದರ ಇಳಿಯುತ್ತದೆ. ಆದ್ದರಿಂದ ಮನೆಯ ಹೆಂಗಸರೂ ಗಂಡಸರೂ ದಿನವೂ ಬಗ್ಗಿ, ಎಲೆ ಸರಿಸಿ, ಕೈಯಿಂದಲೇ ಕೊಯ್ಯುತ್ತಾರೆ. ಹೀಗೆ ಕೊಯ್ಯುವುದರಿಂದ ಇನ್ನೊಂದು ಲಾಭವೂ ಇದೆ. ಬಳ್ಳಿಯಲ್ಲಿ ಬಲಿಯುತ್ತಿರುವ ಕಾಯಿಯೊಂದಿದ್ದರೆ, ಅದರ ಬೀಜಗಳಿಂದ ಹೊರಡುವ ಸಂದೇಶ ಮತ್ತು ಅದು ಸೆಳೆಯುವ ಆಹಾರದಿಂದಾಗಿ ಮೇಲಿನ ಮಿಡಿಗಳು ನಿಲ್ಲುವುದಿಲ್ಲ. ಕಾಯಿ ಕೊಯ್ದಷ್ಟೂ ಹೊಸ ಕಾಯಿಗೆ ದಾರಿ. ಮನೆಯ ಕುಂಡದಲ್ಲಿ ಬೆಳೆಯುವವರೂ ಇದನ್ನು ನೆನಪಿಟ್ಟುಕೊಳ್ಳಬಹುದು.

ಹಾಗಾದರೆ ಆ ಇಂಜೆಕ್ಷನ್?

ಈಗ ರಾಮನವಮಿಯ ದೊನ್ನೆಗೆ ಮರಳೋಣ. ಜನ "ಹಾರ್ಮೋನ್ ಇಂಜೆಕ್ಷನ್" ಎಂದು ಹೇಳುವುದು ಆಕ್ಸಿಟೋಸಿನ್ ಕುರಿತು. ಹೆರಿಗೆಯ ಸಮಯದಲ್ಲಿ, ಹಾಲು ಇಳಿಸುವಲ್ಲಿ ತಾಯಂದಿರ ಮತ್ತು ಹಸುಗಳ ದೇಹದಲ್ಲಿ ಕೆಲಸ ಮಾಡುವ ಹಾರ್ಮೋನ್ ಅದು. ಸಸ್ಯಗಳದ್ದಲ್ಲ. ಆಕ್ಸಿನ್, ಆಕ್ಸಿಟೋಸಿನ್ ಎಂಬ ಹೆಸರುಗಳು ಹತ್ತಿರವಿರಬಹುದು, ಆದರೆ ಸಂಬಂಧ ಯಾವುದೂ ಇಲ್ಲ. ಅದನ್ನು ಚುಚ್ಚಿದರೆ ಕಾಯಿ ಬೆಳೆಯುತ್ತದೆ ಎಂಬುದಕ್ಕೆ ವಿಜ್ಞಾನದ ಆಧಾರವಿಲ್ಲ. ಅದು ಬಾಯಿಯ ಮೂಲಕ ಹೊಟ್ಟೆಗೆ ಹೋದರೆ ಜೀರ್ಣವಾಗಿಬಿಡುತ್ತದೆ. ವೈದ್ಯರು ಅದನ್ನು ಗುಳಿಗೆಯಾಗಿ ನುಂಗಿಸದಿರುವುದು ಅದಕ್ಕೇ. ಹಾಗೆಂದು ಯಾರಾದರೂ ತರಕಾರಿಗೆ ಔಷಧ ಚುಚ್ಚುವುದು ಸರಿಯೆಂದಲ್ಲ. ಅದು ಕಾನೂನಿಗೆ ವಿರುದ್ಧವಾದ ಮತ್ತು ಮೂರ್ಖತನದ ಕೆಲಸ.

ಇನ್ನು ಕಹಿ. ಅದು ಕುಕುರ್ಬಿಟಾಸಿನ್ ಎಂಬ ವಸ್ತು. ಹುಳುಹುಪ್ಪಟೆ, ದನಕರು ತಿನ್ನದಿರಲೆಂದು ಬಳ್ಳಿ ತಾನೇ ತಯಾರಿಸಿಕೊಳ್ಳುವ ರಕ್ಷಾಕವಚ. ಬಿಸಿಲು ಹೆಚ್ಚಿ ನೀರು ಕಡಿಮೆಯಾದಾಗ ಕಹಿ ಹೆಚ್ಚುತ್ತದೆ, ಅದರಲ್ಲೂ ತೊಟ್ಟಿನ ಕಡೆ. ಏಪ್ರಿಲಿನ ರಾಮನವಮಿಗೆ ಕಹಿಕಾಯಿ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ತೀರ ಕಹಿಯಾದ ಕಾಯಿಯನ್ನು ಮುಲಾಜಿಲ್ಲದೆ ಎಸೆಯಿರಿ, ಹೊಟ್ಟೆ ಕೆಡಿಸೀತು.

ಹೆದರಬೇಕಾದ್ದು ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೀಟನಾಶಕ ಹೊಡೆದ ಮರುದಿನವೇ ಕೊಯ್ದರೆ ಅದು ನಮ್ಮ ಹೊಟ್ಟೆಗೆ ಬರುತ್ತದೆ. ಸೌತೆಯನ್ನು ಸಿಪ್ಪೆಯ ಸಮೇತ ಹಸಿಯಾಗಿ ತಿನ್ನುವವರು ಉಜ್ಜಿ ತೊಳೆಯಲೇಬೇಕು. ಹಣ್ಣು ಮಾಡಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದು ನಮ್ಮ ದೇಶದಲ್ಲಿ ನಿಷಿದ್ಧ. ಅದರ ಬದಲು ನಿಯಮಿತ ಪ್ರಮಾಣದ ಎಥಿಲೀನ್ ಅನಿಲವನ್ನು ಬಳಸಲು 2016ರಲ್ಲಿ ಅನುಮತಿಯಿತ್ತರು. ಬೆಳೆಗಾರ ಏನನ್ನು, ಎಷ್ಟು, ಯಾವಾಗ ಸಿಂಪಡಿಸಿದ ಎಂದು ಕೇಳುವುದು ವಿವೇಕ. "ಹಾರ್ಮೋನ್" ಎಂಬ ಹೆಸರು ಕೇಳಿಯೇ ದೊನ್ನೆ ಕೆಳಗಿಡುವುದು ವಿವೇಕವಲ್ಲ. ಹಾರ್ಮೋನ್ ಇಲ್ಲದ ಸೌತೆಕಾಯಿ ಈ ಭೂಮಿಯ ಮೇಲೆ ಹುಟ್ಟಿಲ್ಲ.

ಗೃಹಿಣಿಯರಿಗೆ ಒಂದು ಕಿವಿಮಾತು. ಸೌತೆಕಾಯಿಯನ್ನು ಬಾಳೆಹಣ್ಣು, ಸೇಬು, ಟೊಮ್ಯಾಟೊಗಳ ಜೊತೆ ಒಂದೇ ಬುಟ್ಟಿಯಲ್ಲಿ ಇಡಬೇಡಿ. ಅವು ಹೊರಬಿಡುವ ಎಥಿಲೀನಿನಿಂದ ಸೌತೆ ಬೇಗ ಹಳದಿಯಾಗಿ ಮೆತ್ತಗಾಗುತ್ತದೆ.

ಬೀಜದ ಪೊಟ್ಟಣ

ಮುಂದೆ ಹೇಳುತ್ತೇನೆಂದ ಮಾತು ಬಾಕಿಯಿದೆ. ನನ್ನ ಮದುವೆಯಾಗಿ ಏಳು ವರ್ಷ ಮಕ್ಕಳಾಗಿರಲಿಲ್ಲ. 1994ರ ಜೂನ್‌ನಲ್ಲಿ ಊರಿಗೆ ಹೋಗಿದ್ದೆ. ಮೊದಲ ಮಳೆ ಬಿದ್ದು ಅಂಗಳದ ಬದಿಯಲ್ಲಿ ಸೌತೆಯ ಬೀಜ ಹಾಕುವ ಸಂಭ್ರಮ. ನಾನೂ ಬೊಗಸೆಯಲ್ಲಿ ಬೀಜ ಹಿಡಿದು ಕುಳಿತೆ. ಮನೆಯ ಹಿರಿಯರೊಬ್ಬರು ಮೆಲ್ಲಗೆ ಬಂದು, "ನೀನು ಬೇಡ ಮಗಾ, ಮಕ್ಕಳೊಂದಿಗರ ಕೈಯಲ್ಲಿ ಹಾಕಿಸುವ" ಎಂದು ಬೀಜವನ್ನು ನನ್ನ ಬೊಗಸೆಯಿಂದ ತೆಗೆದುಕೊಂಡರು. ಅವರು ಕೆಟ್ಟವರಲ್ಲ. ಅಂದಿನ ತಿಳಿವಳಿಕೆ ಅಷ್ಟೇ ಇತ್ತು. ಅತ್ತೆಯವರೂ ಅಲ್ಲೇ ಇದ್ದರು, ಏನೂ ಹೇಳಲಿಲ್ಲ. ಆಮೇಲೆ ಮುಂಬಯಿಯ ವೈದ್ಯೆಯೊಬ್ಬರು ನನ್ನ ದೇಹದಲ್ಲಿ ಯಾವುದೋ ಒಂದು ಹಾರ್ಮೋನ್ ಹೆಚ್ಚುಕಡಿಮೆಯಾಗಿದೆ ಎಂದು ಚಿಕಿತ್ಸೆ ಕೊಟ್ಟರು. 1997ರಲ್ಲಿ ನನ್ನ ಮಗಳು ಹುಟ್ಟಿದಳು. ಮಗಳು ಹುಟ್ಟದೇ ಹೋಗಿದ್ದರೂ ನನ್ನ ಕೈಯ ಬೀಜ ಮೊಳೆಯುತ್ತಿರಲಿಲ್ಲವೆ? ಮೊಳೆಯುತ್ತಿತ್ತು. ಬೀಜಕ್ಕೆ ಬೇಕಾದ್ದು ಮಣ್ಣು, ನೀರು, ಗಾಳಿ.

ಎರಡು ಮಿಡಿ ಉದುರಿದ ಮೇಲೆ ಬಳ್ಳಿಗೆ ಜೇನಿನ ಕೆಲಸವನ್ನು ನಾನೇ ಮಾಡಿದೆ. ಬೆಳಿಗ್ಗೆ ಎಂಟರೊಳಗೆ ಅರಳಿದ ಗಂಡುಹೂ ಕಿತ್ತು, ದಳ ಬಿಡಿಸಿ, ಹೆಣ್ಣುಹೂವಿನ ನಡುವಿಗೆ ಮೆತ್ತಗೆ ಸವರಿದೆ. ಅತ್ತೆಯವರು ಕುರ್ಚಿಯಿಂದ ನೋಡುತ್ತಿದ್ದರು. ಗಂಡುಹೂ, ಹೆಣ್ಣುಹೂ, ಎಥಿಲೀನ್ ಎಂದು ನಾನು ವಿವರಿಸುತ್ತ ಹೋದಂತೆ "ಹೌದಾ? ಹೌದಾ?" ಎನ್ನುತ್ತಿದ್ದರು. ಮೂರನೆಯ ದಿನ ಮಿಡಿ ಹಸಿರಾಗಿಯೇ ಇತ್ತು. ಐದನೆಯ ದಿನ ಬೆರಳುದ್ದ. ಹತ್ತನೆಯ ದಿನ ನಮ್ಮ ಮನೆಯ ಮೊದಲ ಮುಳ್ಳುಸೌತೆ ಕೊಯ್ದೆ. ಗೋಕುಲಾಷ್ಟಮಿಯ ವೇಳೆಗೆ ಏಳು ಕಾಯಿ ಸಿಕ್ಕಿ, ತೆಕ್ಕರೆಯ ಅಡ್ಯೆಯೂ ಆಯಿತು.

ಕೊನೆಯ ಕಾಯಿಯನ್ನು ಕೊಯ್ಯಬೇಡ, ಬೀಜಕ್ಕೆ ಬಿಡು ಎಂದು ಅತ್ತೆಯವರೇ ಹೇಳಿದರು. ಅದು ಬಲಿಯತೊಡಗಿದಂತೆ ಹೊಸ ಮಿಡಿಗಳೆಲ್ಲ ಉದುರಿದವು. ಈ ಸಲ ನಾವಿಬ್ಬರೂ ಗಾಬರಿಯಾಗಲಿಲ್ಲ, ಕಾರಣ ಗೊತ್ತಿತ್ತು. ಕಾಯಿ ಹಳದಿಯಾಗಿ ಕಂದಿದ ಮೇಲೆ ಸೀಳಿ, ಬೀಜ ತೊಳೆದು, ಬೂದಿಯಲ್ಲಿ ಹೊರಳಿಸಿ ಒಣಗಿಸಿದೆವು. ಅತ್ತೆಯವರು ಅದನ್ನು ನಡುಗುವ ಕೈಯಿಂದ ಕಾಗದದ ಪೊಟ್ಟಣ ಕಟ್ಟಿ ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿದರು. "ಬರುವ ಮಳೆಗೂ ನೀನೇ ಹಾಕು" ಎಂದರು. ಅವರಿಗೆ 1994ರ ಜೂನ್ ನೆನಪಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಓದುಗರಲ್ಲಿ ಯಾರಿಗಾದರೂ ಬೀಜ ಬೇಕಿದ್ದರೆ ಮುಂದಿನ ಭಜನೆಯ ದಿನ ತಂದುಕೊಡುವೆ. ಕೈ ಯಾರದಾದರೂ ಆಗಬಹುದು. ಕೋಸಂಬರಿಯನ್ನೂ ತರುವೆ. ಈ ಸಲ ಪ್ರತಿಯೊಂದು ಕಾಯಿಯ ತುದಿಯನ್ನೂ ರುಚಿ ನೋಡಿಯೇ!